ತನ್ನ ಬಿಡುಗಡೆಗೆ ತಾನೇ 100 ಪೌಂಡ್ ಕೊಟ್ಟ ಕ್ಯಾಪ್ಟನ್

(1/5)
ಟ್ರಾನ್ಸ್‌ಫರ್ ಫೀ ಅಂದ್ರೆ ಒಂದು ಕ್ಲಬ್ ಇನ್ನೊಂದು ಕ್ಲಬ್‌ಗೆ ಕೊಡೋ ದುಡ್ಡು, ಅಲ್ವಾ ಫ್ರೆಂಡ್ಸ್? 1930ರಲ್ಲಿ ಇಂಗ್ಲೆಂಡಿನ ಒಬ್ಬ ರಗ್ಬಿ ಲೀಗ್ ಆಟಗಾರ ಆ ದುಡ್ಡನ್ನ ತನ್ನ ಜೇಬಿಂದಲೇ ಕೊಟ್ಟು ಕ್ಲಬ್ ಬಿಟ್ಟ. ಹೆಸರು ಜೊನಾಥನ್ ಪಾರ್ಕಿನ್. ಎಲ್ಲರ ಬಾಯಲ್ಲಿ ‘ಜಾಂಟಿ’. ಸಣ್ಣ ಆಟಗಾರ ಏನಲ್ಲ, ಎರಡು ಸಲ ಗ್ರೇಟ್ ಬ್ರಿಟನ್ ತಂಡವನ್ನ ಆಸ್ಟ್ರೇಲಿಯಾಕ್ಕೆ ಕರ್ಕೊಂಡು ಹೋದ ಕ್ಯಾಪ್ಟನ್!

(2/5)
ಮೊದಲು ಆಟದ ಹಿನ್ನೆಲೆ. ಹಳೇ ರಗ್ಬಿಯಲ್ಲಿ ಆಟಗಾರರಿಗೆ ದುಡ್ಡು ಕೊಡೋ ಹಾಗೇ ಇರಲಿಲ್ಲ. ಶ್ರೀಮಂತರಿಗೆ ಅದರಿಂದ ತೊಂದರೆ ಇಲ್ಲ. ಆದರೆ ಉತ್ತರ ಇಂಗ್ಲೆಂಡಿನ ಗಣಿ, ಗಿರಣಿ ಕೆಲಸಗಾರರು ಶನಿವಾರ ಆಡಕ್ಕೆ ಹೋದರೆ ಆ ದಿನದ ಕೂಲಿ ಹೋಯ್ತು. ‘ಕಳೆದುಹೋದ ಕೂಲಿಯನ್ನಾದರೂ ಕೊಡೋಣ’ ಅಂತ ಅಲ್ಲಿನ ಕ್ಲಬ್‌ಗಳು ಕೇಳಿದವು. ದಕ್ಷಿಣದವರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ 20ಕ್ಕೂ ಹೆಚ್ಚು ಕ್ಲಬ್‌ಗಳು ಸೇರಿ ಬೇರೆಯಾದವು. ಅದೇ ಮುಂದೆ ರಗ್ಬಿ ಲೀಗ್ ಆಯ್ತು. ಅಂದ್ರೆ ಈ ಆಟ ಹುಟ್ಟಿದ್ದೇ ದುಡಿಯೋರ ಹಕ್ಕಿನ ಜಗಳದಿಂದ. ಇದನ್ನ ನೆನಪಿಟ್ಕೊಳ್ಳಿ, ಕೊನೇಲಿ ಬೇಕಾಗತ್ತೆ.

(3/5)
ಪಾರ್ಕಿನ್ ಹುಟ್ಟಿದ್ದು 1894ರಲ್ಲಿ, ಯಾರ್ಕ್‌ಷೈರ್‌ನ ಶಾರ್ಲ್‌ಸ್ಟನ್ ಅನ್ನೋ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ. 1913ರಲ್ಲಿ ಪಕ್ಕದ ಊರಿನ ವೇಕ್‌ಫೀಲ್ಡ್ ಟ್ರಿನಿಟಿ ಕ್ಲಬ್ ಸೇರಿದ. ಅವನ ಜಾಗ ಸ್ಕ್ರಮ್ ಹಾಫ್. ಎರಡೂ ತಂಡದವರು ತಲೆಗೆ ತಲೆ ಕೊಟ್ಟು ತಳ್ಳಾಡೋ ಗುಂಪಿನ ಹಿಂದೆ ನಿಂತು, ಚೆಂಡು ಹೊರಗೆ ಬಂದ ತಕ್ಷಣ ಓಡೋದಾ, ಪಾಸ್ ಮಾಡೋದಾ, ಒದೆಯೋದಾ ಅಂತ ಕಣ್ಣು ಮಿಟುಕಿಸೋದ್ರೊಳಗೆ ತೀರ್ಮಾನಿಸೋ ಜಾಗ ಅದು.

ಅಷ್ಟರಲ್ಲಿ ಮಹಾಯುದ್ಧ ಬಂತು, ಪಂದ್ಯಾವಳಿಗಳು ನಿಂತವು, ಚಿಕ್ಕ ವಯಸ್ಸಿನ ಒಳ್ಳೇ ವರ್ಷಗಳೇ ಹೋದವು. ಯುದ್ಧ ಮುಗಿದ ಮೇಲೆ ಅವನ ಕಾಲ ಶುರುವಾಯ್ತು. 1920, 1924, 1928, ಮೂರು ಸಲ ವಾರಗಟ್ಟಲೆ ಹಡಗಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸ. ಮೊದಲ ಸಲ ಆಶಸ್ ಕೈತಪ್ಪಿತು. (ಹೌದು, ರಗ್ಬಿ ಲೀಗ್‌ನಲ್ಲೂ ಆಶಸ್ ಇದೆ!) 1924 ಮತ್ತು 1928ರಲ್ಲಿ ಅವನೇ ಕ್ಯಾಪ್ಟನ್. ಎರಡೂ ಸಲ ಆಸ್ಟ್ರೇಲಿಯಾದ ನೆಲದಲ್ಲೇ 2–1ರಲ್ಲಿ ಸರಣಿ ಗೆದ್ದು ಬಂದರು.

ಊರಿನ ಕ್ಲಬ್‌ಗೆ ಮಾತ್ರ ದೊಡ್ಡ ಅದೃಷ್ಟ ಇರಲಿಲ್ಲ. ವೇಕ್‌ಫೀಲ್ಡ್ ಚಾಲೆಂಜ್ ಕಪ್ ಗೆದ್ದಿದ್ದು 1909ರಲ್ಲಿ, ಆಮೇಲೆ 1946ರಲ್ಲಿ. ಪಾರ್ಕಿನ್ ಆಡಿದ್ದು ಇವೆರಡರ ನಡುವೆ.

(4/5)
ಈಗ 1930. ವಯಸ್ಸು 35. ಹಲ್ ಕಿಂಗ್‌ಸ್ಟನ್ ರೋವರ್ಸ್‌ಗೆ ಹೋಗೋ ಅವಕಾಶ ಬಂತು. ಆದರೆ ಆಗಿನ ನಿಯಮ ಏನು ಗೊತ್ತಾ? ಆಟಗಾರನ ಹೆಸರು ಒಂದು ಕ್ಲಬ್ಬಿನ ಪಟ್ಟಿಯಲ್ಲಿದ್ದರೆ, ಆ ಕ್ಲಬ್ ಬಿಡೋವರೆಗೂ ಅವನು ಬೇರೆ ಕಡೆ ಆಡೋ ಹಾಗಿಲ್ಲ. 17 ವರ್ಷದ ಸಂಬಂಧ ಇದ್ದರೂ ವೇಕ್‌ಫೀಲ್ಡ್ ಅವನ ಮೇಲೆ 100 ಪೌಂಡ್ ಬೆಲೆ ಇಟ್ಟಿತು. ಆ ಕಾಲದ ಗಣಿ ಕೆಲಸಗಾರನಿಗೆ ಅದು ಹೆಚ್ಚುಕಮ್ಮಿ ಒಂದು ವರ್ಷದ ದುಡಿಮೆ.

ಪಾರ್ಕಿನ್ ಆ ದುಡ್ಡನ್ನ ತಾನೇ ಕಟ್ಟಿ ಹೊರಟ!

ಆಮೇಲೆ ಅಧಿಕಾರಿಗಳು ಏನು ಮಾಡಿದರು? ಆಟಗಾರರಿಗೆ ಬೆಲೆ ಕಟ್ಟೋ ಪದ್ಧತಿಯನ್ನ ನಿಲ್ಲಿಸಲಿಲ್ಲ. ‘ಇನ್ನು ಮೇಲೆ ಯಾವ ಆಟಗಾರನೂ ತನ್ನ ಟ್ರಾನ್ಸ್‌ಫರ್ ಫೀ ತಾನೇ ಕೊಡೋ ಹಾಗಿಲ್ಲ’ ಅಂತ ನಿಯಮ ಮಾಡಿದರು. ಒಬ್ಬ ಹೊರಗೆ ಬಂದ ಬಾಗಿಲಿಗೂ ಬೀಗ ಬಿತ್ತು.

(5/5)
ಒಂದು ದಿನದ ಕೂಲಿ ಆಟಗಾರನಿಗೆ ಸೇರಬೇಕು ಅಂತ ಜಗಳ ಮಾಡಿ ಹುಟ್ಟಿದ ಆಟ ಇದು. ಅದೇ ಆಟ 35 ವರ್ಷದಲ್ಲಿ ಆಟಗಾರನನ್ನೇ ಕ್ಲಬ್ಬಿನ ಆಸ್ತಿ ಅಂತ ನೋಡ್ತಿತ್ತು. ದುಡಿಯೋರ ಪರ ಅಂತ ಶುರುವಾದ ಸಂಸ್ಥೆ ಸದಾ ದುಡಿಯೋರ ಪರವೇ ಇರತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಇದು ಬದಲಾಗೋಕೆ ಕೋರ್ಟೇ ಬೇಕಾಯ್ತು. ಆಸ್ಟ್ರೇಲಿಯಾದಲ್ಲಿ ಡೆನಿಸ್ ಟಟ್ಟಿ ಅನ್ನೋ ರಗ್ಬಿ ಲೀಗ್ ಆಟಗಾರ ಇಂಥದ್ದೇ ನಿಯಮದ ವಿರುದ್ಧ ನಿಂತ, 1969ರ ಇಡೀ ಸೀಸನ್ ಆಡದೆ ಕೂತ. 1971ರಲ್ಲಿ ಅಲ್ಲಿನ ಹೈಕೋರ್ಟ್ ಅವನ ಪರ ತೀರ್ಪು ಕೊಟ್ಟಿತು. ಮರುವರ್ಷ, 1972ರಲ್ಲಿ, ಪಾರ್ಕಿನ್ ತೀರಿಕೊಂಡ. 1988ರಲ್ಲಿ ಬ್ರಿಟನ್ನಿನ ರಗ್ಬಿ ಲೀಗ್ ಹಾಲ್ ಆಫ್ ಫೇಮ್ ಶುರುವಾದಾಗ ಮೊದಲು ಸೇರಿಸಿದ 9 ಜನರಲ್ಲಿ ಅವನೂ ಒಬ್ಬ.

ನೀವು ಹೇಳಿ: ಆ 100 ಪೌಂಡ್ ಕಟ್ಟಿದ್ದು ಸೋಲಾ, ಗೆಲುವಾ? ಕಾಮೆಂಟ್ ಮಾಡಿ 👇

#ಕ್ರೀಡಾಇತಿಹಾಸ #ರಗ್ಬಿಲೀಗ್ #ಜಾಂಟಿಪಾರ್ಕಿನ್