ಚಿತ್ರದ ಅಳತೆ (ಡಿಜಿಟಲ್ ಸಂಗ್ರಹ)

ಡಿಜಿಟಲ್ ಸಂಗ್ರಹಗಳಲ್ಲಿ ಚಿತ್ರದ ಅಳತೆ ಎಂದರೆ ಚಿತ್ರವೊಂದರ ಅಗಲ ಮತ್ತು ಎತ್ತರವನ್ನು ಪಿಕ್ಸೆಲ್‌ಗಳಲ್ಲಿ ಸೂಚಿಸುವ ಎರಡು ಸಂಖ್ಯೆಗಳು. ಗ್ರಂಥಾಲಯ ಅಥವಾ ಹಸ್ತಪ್ರತಿ ಭಂಡಾರದ ತಂತ್ರಾಂಶವು ಒಂದು ಗಣಕದಲ್ಲಿಯೂ ಚಿತ್ರಗಳ ಕಡತಗಳು ದೂರದ ಬೇರೊಂದು ಸರ್ವರ್‌ನಲ್ಲಿಯೂ ಇರುವಾಗ, ಈ ಸಂಖ್ಯೆಗಳನ್ನು ತಿಳಿದುಕೊಳ್ಳುವುದು ಸುಲಭವಲ್ಲ.

ಅಳತೆಯ ಅಗತ್ಯ

ಅಳತೆ ಮೊದಲೇ ತಿಳಿದಿದ್ದರೆ ಬ್ರೌಸರ್ ಚಿತ್ರಕ್ಕೆ ಬೇಕಾದ ಜಾಗವನ್ನು ಕಾದಿರಿಸುತ್ತದೆ. ಇಲ್ಲವಾದರೆ ಚಿತ್ರ ಬಂದೊಡನೆ ಓದುತ್ತಿದ್ದ ಸಾಲು ಕೆಳಕ್ಕೆ ಜಾರುತ್ತದೆ. ತಾಳೆಗರಿಗಳ ವಿಷಯದಲ್ಲಿ ತೊಂದರೆ ಇನ್ನೂ ಹೆಚ್ಚು. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಇಂತಹ ಓಲೆಗಳಲ್ಲಿಯೇ ಉಳಿದುಬಂದಿತ್ತು. ಓಲೆಯ ಉದ್ದವು ಅದರ ಎತ್ತರದ ಹಲವು ಪಟ್ಟು. ತಂತ್ರಾಂಶವು ಅದನ್ನು ಚೌಕವೆಂದು ಭಾವಿಸಿದರೆ ಅಕ್ಷರಗಳು ಹಿಗ್ಗಿ ವಿಕಾರಗೊಳ್ಳುತ್ತವೆ, ಇಲ್ಲವೇ ಅಂಚಿನ ಅಕ್ಷರಗಳು ಕತ್ತರಿಸಿಹೋಗುತ್ತವೆ. ಪಾಠಾಂತರ ನೋಡುವ ವಿದ್ವಾಂಸರಿಗೆ ಒಂದು ಅಕ್ಷರದ ನಷ್ಟವೂ ಸಣ್ಣದಲ್ಲ.

ಅಳತೆಯನ್ನು ಪಡೆಯುವ ಕ್ರಮ

ಇಡೀ ಕಡತವನ್ನು ತರಿಸಿಕೊಂಡು ಅಳೆಯುವುದು ಸರಳ ಮಾರ್ಗ, ಆದರೆ ದುಬಾರಿ. 9000 × 900 ಪಿಕ್ಸೆಲ್‌ಗಳ, ಸಂಕುಚಿತಗೊಳಿಸದ 24 ಬಿಟ್ ವರ್ಣಚಿತ್ರವು ಸುಮಾರು 24 ಮೆಗಾಬೈಟ್ ಆಗುತ್ತದೆ. 200 ಓಲೆಗಳ ಒಂದು ಕಟ್ಟಿನ ಎರಡೂ ಬದಿಗಳಿಗೆ ಸುಮಾರು 9.7 ಗಿಗಾಬೈಟ್. ಕಡತದ ಆರಂಭದ ತುಣುಕನ್ನು ಮಾತ್ರ ಕೇಳಿ ಪಡೆಯುವುದು ಇನ್ನೊಂದು ಮಾರ್ಗ. ಪಿಎನ್‌ಜಿ ಕಡತದಲ್ಲಿ ಅಳತೆಯು ಮೊದಲ 24 ಬೈಟ್‌ಗಳೊಳಗೇ ಇರುತ್ತದೆ. ಜೆಪೆಗ್‌ನಲ್ಲಿ ಕ್ಯಾಮೆರಾದ ವಿವರಗಳು ಮೊದಲು ಬರಬಹುದಾದ್ದರಿಂದ ಅದಕ್ಕೆ ನಿಶ್ಚಿತ ಸ್ಥಾನವಿಲ್ಲ. ಟಿಫ್‌ನಲ್ಲಿ ಅದು ಕಡತದ ಕೊನೆಯಲ್ಲಿಯೂ ಇರಬಹುದು.

ಆದುದರಿಂದ ಕಡತವನ್ನು ಸೇರಿಸುವಾಗಲೇ ಒಮ್ಮೆ ಅಳೆದು, ವಿಳಾಸದ ಜೊತೆಗೆ ದತ್ತಸಂಚಯದಲ್ಲಿ ಬರೆದಿಡುವುದು ಉತ್ತಮ. ಕನ್ನಡ ವಿಕಿಪೀಡಿಯದ ಅನೇಕ ಚಿತ್ರಗಳು ವಾಸ್ತವವಾಗಿ ವಿಕಿಮೀಡಿಯ ಕಾಮನ್ಸ್‌ನಲ್ಲಿವೆ. ಮೀಡಿಯಾವಿಕಿ ತಂತ್ರಾಂಶವು ಅಪ್‌ಲೋಡ್ ಸಮಯದಲ್ಲಿಯೇ ಅಗಲ ಮತ್ತು ಎತ್ತರಗಳನ್ನು ದಾಖಲಿಸುವುದರಿಂದ ಪುಟ ರಚಿಸಲು ಮೂಲ ಕಡತವನ್ನು ತೆರೆಯಬೇಕಾಗುವುದಿಲ್ಲ. ಹಸ್ತಪ್ರತಿ ಸಂಗ್ರಹಗಳಲ್ಲಿ ಬಳಕೆಯಲ್ಲಿರುವ ಐಐಐಎಫ್ ಮಾನದಂಡದಲ್ಲಿ ಪ್ರತಿ ಚಿತ್ರಕ್ಕೂ ಒಂದು ಸಣ್ಣ ಮಾಹಿತಿ ಕಡತವಿದ್ದು, ಅದರಲ್ಲಿ ಇವೆರಡೂ ಕಡ್ಡಾಯ.

ದಾಖಲಿಸಿದ ಅಳತೆಯೂ ತಪ್ಪಾಗಬಹುದು. ಕ್ಯಾಮೆರಾವನ್ನು ತಿರುಗಿಸಿ ತೆಗೆದ ಚಿತ್ರದಲ್ಲಿ ದಿಕ್ಕಿನ ಸೂಚನೆಯನ್ನು ಗಮನಿಸದಿದ್ದರೆ ಅಗಲ, ಎತ್ತರಗಳು ಅದಲುಬದಲಾಗುತ್ತವೆ. ದೂರದ ಸರ್ವರ್‌ನಲ್ಲಿ ಅದೇ ಹೆಸರಿನಿಂದ ಹೊಸ ಸ್ಕ್ಯಾನ್ ಇರಿಸಿದಾಗಲೂ ಹಳೆಯ ಸಂಖ್ಯೆಗಳು ಹಾಗೆಯೇ ಉಳಿಯುವುದರಿಂದ ಮತ್ತೆ ಅಳೆಯಬೇಕಾಗುತ್ತದೆ.