5ರ ಕೀ ಮೇಲಿನ ಸ್ಟಿಕ್ಕರ್

ಆರು ತಿಂಗಳು ಆನ್‌ಸೈಟ್ ಅಂತ ಜರ್ಮನಿಯಲ್ಲಿದ್ದಾಗ ಶನಿವಾರ ಬಂದರೆ ಹಳೇ ಸಾಮಾನಿನ ಸಂತೆ ಸುತ್ತುವುದು ನನ್ನ ಚಟವಾಗಿತ್ತು. ಒಂದು ದಿನ ಅಲ್ಲೊಂದು ಟೈಪ್‌ರೈಟರ್ ಕಂಡಿತು. ಒಲಿಂಪಿಯಾ ರೋಬುಸ್ಟ್. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಬಳಸುತ್ತಿದ್ದ ಮಾದರಿ. ಎಲ್ಲ ಕೀಗಳೂ ಸರಿಯಾಗಿದ್ದವು, 5ರ ಕೀ ಮೇಲೆ ಮಾತ್ರ ಪುಟ್ಟದೊಂದು ಸ್ಟಿಕ್ಕರ್.

ಏನದು ಅಂತ ಕೇಳಿದೆ. ಅಂಗಡಿಯವ ಅತ್ತಿತ್ತ ನೋಡಿ ಉಗುರಿನಿಂದ ತುದಿ ಎತ್ತಿದ. ಅಕ್ಕಪಕ್ಕ ಎರಡು ಮಿಂಚಿನ ಗೆರೆಗಳು. ಹಿಟ್ಲರನ ಎಸ್‌ಎಸ್ ಪಡೆಯ ಚಿಹ್ನೆ.

ಯಾತನಾ ಶಿಬಿರಗಳನ್ನು ನಡೆಸಿದ ಪಡೆ ಅದು. ಅದರ ಹೆಸರನ್ನು ಎರಡು ಸಾದಾ ಅಕ್ಷರಗಳಲ್ಲಿ ಹೊಡೆದರೆ ಆಗುತ್ತಿತ್ತು. ಆದರೂ ಒಂದೇ ಏಟಿಗೆ ಆ ಚಿಹ್ನೆ ಮೂಡಲಿ ಅಂತ ಕೆಲವು ಟೈಪ್‌ರೈಟರ್‌ಗಳಲ್ಲಿ, ಸಾಮಾನ್ಯವಾಗಿ 3 ಅಥವಾ 5ರ ಕೀಯಲ್ಲಿ, ಅದಕ್ಕೇ ಜಾಗ ಕೊಟ್ಟಿದ್ದರು. ಇವತ್ತು ಜರ್ಮನಿಯಲ್ಲಿ ಈ ಚಿಹ್ನೆಯನ್ನು ಬಹಿರಂಗವಾಗಿ ತೋರಿಸುವುದು ಅಪರಾಧ. ಅದಕ್ಕೇ ಸ್ಟಿಕ್ಕರ್. ಸಂಗ್ರಹಕಾರರ ಲೋಕದಲ್ಲಿ ಈ ಒಂದು ಕೀಯಿಂದ ಯಂತ್ರದ ಬೆಲೆ ಎಷ್ಟೋ ಪಟ್ಟು ಏರುತ್ತದೆ. ಬೆಲೆ ಏರಿದ ಕಡೆ ನಕಲಿ ಹುಟ್ಟದೇ ಇರುತ್ತಾ?

ನನಗೆ ನೆನಪಾದದ್ದು ನಮ್ಮ ಚಿಕ್ಕಪ್ಪ. ತಾಲ್ಲೂಕು ಕೋರ್ಟಿನ ಮುಂದೆ ಮೂವತ್ತು ವರ್ಷ ಅರ್ಜಿ ಟೈಪ್ ಮಾಡಿದವರು. ವಿಡಿಯೋ ಕಾಲ್ ಮಾಡಿ ತೋರಿಸಿದೆ.

"ಕೀ ಮೇಲೆ ಬರೆದಿರೋದನ್ನ ನಂಬಬೇಡ ಮಗಾ. ಒಳಗೆ ಅಚ್ಚು ನೋಡು. ಯಾವುದು ಸವೆದಿದೆಯೋ ಅದೇ ಅದು ಮಾಡಿದ ಕೆಲಸ" ಅಂದರು.

ಟೈಪ್‌ರೈಟರ್‌ನ ಪ್ರತಿ ಕಡ್ಡಿಯ ತುದಿಗೆ ಪುಟ್ಟ ಲೋಹದ ಅಚ್ಚೊಂದನ್ನು ಬೆಸುಗೆ ಹಾಕಿರುತ್ತಾರೆ. ಒಂದೇ ಅಚ್ಚಿನಲ್ಲಿ ಎರಡು ಗುರುತು: ಕೆಳಗಿನದು ಮಾಮೂಲಿ, ಮೇಲಿನದು ಶಿಫ್ಟ್ ಒತ್ತಿದರೆ ಬರುವಂಥದ್ದು. ಅಂದರೆ ನಕಲಿ ಮಾಡುವವನು ಚಿಹ್ನೆಯನ್ನಷ್ಟೇ ಸೇರಿಸಲಾರ, ಅದರ ಜೊತೆಗಿರುವ 5ನ್ನೂ ಬದಲಿಸಬೇಕು. ಆಗ 4 ಮತ್ತು 6 ಸವೆದು ಮಂಕಾಗಿದ್ದರೆ ನಡುವಿನ 5 ಮಾತ್ರ ಹೊಸದಾಗಿ ಮಿಂಚುತ್ತದೆ. ಬೆಸುಗೆಯ ಬಣ್ಣವೂ ಬೇರೆ. ಕಾಗದ ಹಾಕಿ ಹೊಡೆದರೆ ಆ ಅಂಕಿ ಸಾಲಿನಿಂದ ತುಸು ಮೇಲೋ ಕೆಳಗೋ ಕೂರಬಹುದು. ಕಡೆಯದಾಗಿ ಚೌಕಟ್ಟಿನ ಮೇಲಿನ ಕ್ರಮಸಂಖ್ಯೆ: ತಯಾರಾದ ವರ್ಷ ಅದರಿಂದ ಪತ್ತೆಯಾಗುತ್ತದೆ. 1945ರ ನಂತರದ್ದಾದರೆ ಕಥೆ ಅಲ್ಲಿಗೆ ಮುಗಿಯಿತು.

ತಮಾಷೆ ಅಂದ್ರೆ, ಯುದ್ಧ ಮುಗಿದ ಮೇಲೆ ಅಸಲಿ ಯಂತ್ರಗಳಲ್ಲೇ ಎಷ್ಟೋ ಕಡೆ ಈ ಚಿಹ್ನೆಯನ್ನು ಅರದಿಂದ ಉಜ್ಜಿ ಅಳಿಸಿ, ಅದೇ ಯಂತ್ರದಲ್ಲಿ ಕೆಲಸ ಮುಂದುವರಿಸಿದರು. ಹಾಗಾಗಿ ಅಳಿಸಿದ್ದು ಅಸಲಿ, ಹೊಳೆಯೋದು ನಕಲಿ ಆಗಿರುವ ಸಾಧ್ಯತೆ ಇದ್ದೇ ಇದೆ.

ನನ್ನೆದುರಿನ ಯಂತ್ರದ 5 ಫಳಫಳ ಹೊಳೆಯುತ್ತಿತ್ತು. ನಕಲಿ. ಸುಮ್ಮನೆ ಎದ್ದು ಬಂದೆ. ದಾರಿಯಲ್ಲಿ ಒಂದು ವಿಷಯ ಕೊರೆಯೋಕೆ ಶುರುವಾಯಿತು: ನಕಲಿ ಅಂತ ಗೊತ್ತಾದಾಗ ನನಗೆ ನಿಜವಾಗ್ಲೂ ಬೇಜಾರಾಗಿತ್ತು. ಅಂದ್ರೆ ಅಸಲಿ ಇರಲಿ ಅಂತ ಆಸೆಪಟ್ಟಿದ್ದೆ. ಅಸಲಿ ಅಂದರೆ ಏನು?

ಉತ್ತರ ಸಿಕ್ಕಿದ್ದು ಮುಂದಿನ ತಿಂಗಳು ಬರ್ಲಿನ್‌ಗೆ ಹೋದಾಗ, ವಾನ್ಸೀ ಕೆರೆಯ ದಡದ ಬಂಗಲೆಯಲ್ಲಿ. ಈಗದು ಸ್ಮಾರಕ. 1942ರ ಜನವರಿ 20ರಂದು 15 ಮಂದಿ ಹಿರಿಯ ಅಧಿಕಾರಿಗಳು ಅಲ್ಲಿ ಸೇರಿ, ಯುರೋಪಿನ ಯಹೂದಿಗಳನ್ನು ಇಲ್ಲವಾಗಿಸುವ ಕೆಲಸದ ಹೊಂದಾಣಿಕೆ ಕುರಿತು ಮೀಟಿಂಗ್ ಮಾಡಿದರು. ನಾವು ಮೀಟಿಂಗ್ ಮುಗಿದ ಮೇಲೆ ಮಿನಿಟ್ಸ್ ಕಳಿಸ್ತೀವಲ್ಲ, ಹಾಗೇ ಐಷ್‌ಮನ್ ಅದರ ನಡಾವಳಿ ಸಿದ್ಧಪಡಿಸಿದ. ಟೈಪ್ ಆದದ್ದು 15 ಪುಟ, ಮಾಡಿದ್ದು 30 ಪ್ರತಿ. 16ನೆಯದು ಮಾತ್ರ ಉಳಿದು 1947ರಲ್ಲಿ ಸಿಕ್ಕಿತು.

ಅದರಲ್ಲೊಂದು ಪಟ್ಟಿ ಇದೆ. ಎಡಕ್ಕೆ ದೇಶಗಳು, ಬಲಕ್ಕೆ ಅಂಕಿಗಳು. ಇಂಗ್ಲೆಂಡ್ 3,30,000. ಐರ್ಲೆಂಡ್ 4,000. ಕೆಳಗೆ ಒಟ್ಟು: 1 ಕೋಟಿ 10 ಲಕ್ಷಕ್ಕೂ ಹೆಚ್ಚು. ಯಾವ ಕೂಗಾಟವೂ ಇಲ್ಲ. ದಿನಾ ಆಫೀಸಿನಲ್ಲಿ ನಾನು ತೆರೆಯುವ ಎಕ್ಸೆಲ್ ಶೀಟಿನ ಥರವೇ ಅಚ್ಚುಕಟ್ಟು. ಎಷ್ಟೋ ಹೊತ್ತು ಅದರ ಮುಂದೆ ನಿಂತಿದ್ದೆ. ಇಂಥ ಪಟ್ಟಿ ಮಾಡೋಕೆ ಮಿಂಚಿನ ಕೀ ಬೇಕೇ ಇಲ್ಲ, ಯಾವ ಆಫೀಸಿನ ಟೈಪ್‌ರೈಟರ್ ಆದರೂ ಸಾಕು.

ಈಗಲೂ ಹಳೇ ಟೈಪ್‌ರೈಟರ್ ಕಂಡರೆ ನಿಲ್ಲುತ್ತೇನೆ. ಆದರೆ ಚಿಹ್ನೆ ಹುಡುಕೋದು ಬಿಟ್ಟಿದ್ದೇನೆ. ಬಗ್ಗಿ, ಯಾವ ಅಕ್ಷರ ಸವೆದಿದೆ, ಯಾವ ಅಂಕಿ ಸವೆದಿದೆ ಅಂತ ನೋಡುತ್ತೇನೆ.