ಬೆಳಗಾವಿ–ಖಾನಾಪುರದ ಸಾಂಪ್ರದಾಯಿಕ ಆಟಗಳು

ಕುಸ್ತಿ, ಕಬಡ್ಡಿ, ಖೋ-ಖೋ, ಚಿಣ್ಣಿದಾಂಡು, ಜೋಕಾಲಿ, ಗಜಗ, ಪಗಡೆ, ಅಳಗುಳಿಮಣೆ ಇವು ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನ ಮುಖ್ಯ ಸಾಂಪ್ರದಾಯಿಕ ಆಟಗಳು. ಇವುಗಳ ಚರಿತ್ರೆಯನ್ನು ಅರಸರ ಆಶ್ರಯದ ಕಥೆಯಾಗಿ ಹೇಳುವುದು ರೂಢಿ. ಆದರೆ ಇವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ್ದು ಮುಖ್ಯವಾಗಿ ಮಳೆ-ಬೆಳೆಯ ಲೆಕ್ಕ ಮತ್ತು ಹಬ್ಬ-ಜಾತ್ರೆಗಳ ಸಾಲು. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ. ಆಗ ಹುಣಸೆಬೀಜ, ಕವಡೆ, ಮಣೆಗಳ ಆಟಕ್ಕೆ ಪಡಸಾಲೆಯೇ ಅಂಗಳ. ಶ್ರಾವಣದ ನಾಗರಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಜೀಕುತ್ತಾರೆ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದ ಮೇಲೆ ಕುಸ್ತಿಯ ಕಣ ಸಜ್ಜಾಗುತ್ತದೆ.

ಅರಸರ ಪಾತ್ರಕ್ಕೆ ಬಲವಾದ ಸಾಕ್ಷ್ಯವಿದೆ ನಿಜ. ಬೆಳಗಾವಿ ಸೀಮೆ ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿದ್ದಾಗ ಮೂರನೆಯ ಸೋಮೇಶ್ವರ (1126–1138) ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಆಹಾರ, ಸಾಧನೆ, ಕಾಳಗಗಳ ವಿವರ ಸಿಗುತ್ತದೆ. ನೆರೆಯ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಪೈಲ್ವಾನರನ್ನು ಪೋಷಿಸಿದರು. ಅವರು ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ ಇಂದಿಗೂ ಪ್ರಸಿದ್ಧ. ಇದರಿಂದ ಕುಸ್ತಿಗೆ ಘನತೆ ಬಂತು. ಆದರೆ 1949ರಲ್ಲಿ ಕೊಲ್ಹಾಪುರ ಸಂಸ್ಥಾನ ವಿಲೀನವಾದ ಮೇಲೂ ಇಂದಿನ ಕರ್ನಾಟಕ–ಮಹಾರಾಷ್ಟ್ರ ಗಡಿಯ ಎರಡೂ ಬದಿಯ ಜಾತ್ರೆಗಳಲ್ಲಿ ಮಣ್ಣಿನ ಕುಸ್ತಿ ನಿಲ್ಲಲಿಲ್ಲ. ಊರವರ ವಂತಿಗೆ, ಜಾತ್ರಾ ಸಮಿತಿಯ ಬಹುಮಾನ, ತಾಲೀಮಿನ ಉಸ್ತಾದರ ಶ್ರಮ ಅದನ್ನು ನಡೆಸಿದವು. ಜೋಕಾಲಿಗಾಗಲಿ ಗಜಗಕ್ಕಾಗಲಿ ಯಾವ ಸಂಸ್ಥಾನದ ಆಸರೆಯೂ ಬೇಕಾಗಲಿಲ್ಲ.

ಲಿಖಿತ ನಿಯಮ ಮತ್ತು ಕ್ರೀಡಾಂಗಣಗಳೇ ಹಳೆಯ ಆಟಗಳನ್ನು ಉಳಿಸಿದವು ಎಂಬ ಇನ್ನೊಂದು ವಾದವಿದೆ. ಪುಣೆಯ ಡೆಕ್ಕನ್ ಜಿಮ್ಖಾನಾ 1914ರಲ್ಲಿ ಖೋ-ಖೋಗೆ ನಿಯಮ ರೂಪಿಸಿತು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕೆ ಕಬಡ್ಡಿ ಪದಕದ ಆಟವಾಗಿ ಪ್ರವೇಶಿಸಿತು. ಬೇರೆ ನಾಡಿನಲ್ಲೂ ಹೀಗೆಯೇ ಆಯಿತು: ಬೆತ್ತದ ಚೆಂಡನ್ನು ಕಾಲಿನಿಂದ ಚಿಮ್ಮಿಸುವ, ಆಗ್ನೇಯ ಏಷ್ಯಾದ ಮಲಯ ಜನರ ಸೆಪಕ್ ರಾಗ, ಬಲೆ ಕಟ್ಟಿ ಆಡುವ ಸೆಪಕ್ ಟಕ್ರಾ ಆಗಿ ಅದೇ ಕೂಟಕ್ಕೆ ಬಂತು. ಆದರೆ ಈ ದಾರಿ ಕೆಲವೇ ಆಟಗಳಿಗೆ ತೆರೆಯಿತು. ಎರಡು ಸಾಲು ಗುಳಿಗಳಲ್ಲಿ ಬೀಜ ಹಂಚುತ್ತ ಸಾಗುವ ನಮ್ಮ ಅಳಗುಳಿಮಣೆ ಮತ್ತು ಅದನ್ನೇ ಹೋಲುವ ಮಲಯರ ಚೋಂಗ್ಕಾಕ್ ಎರಡೂ ಮನೆಯಲ್ಲೇ, ಹಿರಿಯರಿಂದ ಕಿರಿಯರಿಗೆ ಕಲಿಕೆಯಾಗಿ ಸಾಗಿಬಂದವು. ಪದಕ ಕೆಲವು ಆಟಗಳಿಗೆ ಹೆಸರು ತಂದುಕೊಡಬಲ್ಲದು. ಎಲ್ಲರೂ ಆಡುವ ಅವಕಾಶವನ್ನು ಅದೊಂದೇ ಕೊಡಲಾರದು.

ಆದ್ದರಿಂದ ಈ ಆಟಗಳ ಭವಿಷ್ಯವನ್ನು ಪ್ರಶಸ್ತಿ, ಅನುದಾನಗಳಿಂದ ಮಾತ್ರ ಅಳೆಯಬಾರದು. ಜಾತ್ರೆಯ ಬಯಲು, ಗರಡಿಯ ಮಣ್ಣು, ಶಾಲೆಯ ಅಂಗಳ, ಹಬ್ಬದ ಬಿಡುವು ಇವು ಉಳಿದರೆ ಆಟ ಉಳಿಯುತ್ತದೆ. ಬೆಳಗಾವಿ ಬೆಳೆಯುತ್ತಿರುವ ನಗರ. ಅದರ ಯೋಜನೆಯಲ್ಲಿ ಆಟದ ಬಯಲಿಗೆ ಜಾಗ ಕಾದಿರಿಸುವುದು ಆಡಳಿತದ ಹೊಣೆ, ಮಕ್ಕಳಿಗೆ ಆಟ ಕಲಿಸುವುದು ಮನೆಯವರ ಹೊಣೆ.